ಮನೆ ಖರೀದಿ: ಯಾರ ಕೆಲಸ ಯಾವುದು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಮನೆಯ ವ್ಯವಹಾರ ಸಾಮಾನ್ಯವಾಗಿ ದಲ್ಲಾಳಿಯಿಂದ ಶುರುವಾಗುತ್ತದೆ. ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸಿ ದರ ಕುದುರಿಸುವುದು ಅವನ ಕೆಲಸ. ಹಕ್ಕು ಶುದ್ಧವೇ ಎಂಬುದಕ್ಕೆ ಅವನ ಮಾತು ಆಧಾರವಲ್ಲ.

ಹಕ್ಕು ಪರಿಶೀಲಿಸುವ ಕೆಲಸ ವಕೀಲರದು. ಹಳೆಯ ಖರೀದಿ ಪತ್ರ, ವಾಟ್ನಿ ಪತ್ರ, ಋಣಭಾರ ಪ್ರಮಾಣಪತ್ರಗಳನ್ನು ಅವರು ತಾಳೆ ನೋಡುತ್ತಾರೆ. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳ ಪಾಲನ್ನೂ ವಿಚಾರಿಸಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವರಿಗೆ ಸಮಪಾಲಿದೆ.

ಉತಾರ ಊರಲ್ಲಾದರೆ ಪುರಸಭೆಯಿಂದ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಇ–ಸ್ವತ್ತಿನಿಂದ ಸಿಗುತ್ತದೆ. ಉದ್ದಗಲ, ಚಕಬಂದಿ ಕಾಗದದಲ್ಲಿದ್ದಂತೆಯೇ ಇವೆಯೇ ಎಂದು ಭೂಮಾಪಕರು ಅಳೆದು ಹೇಳುತ್ತಾರೆ. ಸಾಲ ಬೇಕಿದ್ದರೆ ಬ್ಯಾಂಕಿನ ಮೌಲ್ಯಮಾಪಕರು ಬೆಲೆ ಕಟ್ಟುತ್ತಾರೆ.

ಸಂಚಕಾರ ಕೊಟ್ಟ ಮೇಲೆ ಪತ್ರ ಬರೆಯುವವರು ಪರವಾನಗಿ ಪಡೆದ ದಸ್ತಾವೇಜು ಬರಹಗಾರರು ಅಥವಾ ವಕೀಲರು. ಒಂದು ಅಂಕಿ ತಪ್ಪಿದರೂ ತಿದ್ದುಪಡಿ ಪತ್ರದ ಖರ್ಚು ತಪ್ಪದು.

ಕೊನೆಯ ಹಂತ ಉಪನೋಂದಣಿ ಕಚೇರಿ. 1908ರ ನೋಂದಣಿ ಕಾಯ್ದೆಯಂತೆ, ಸಹಿಯಾದ ಪತ್ರವನ್ನು ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ಉಪನೋಂದಣಾಧಿಕಾರಿ ಗುರುತು, ಸಹಿ, ಮುದ್ರಾಂಕ ಶುಲ್ಕ ಪರಿಶೀಲಿಸುತ್ತಾರೆ; ನೋಂದಣಿಯಾದ ಮಾತ್ರಕ್ಕೆ ಮಾರಿದವರ ಹಕ್ಕಿಗೆ ಸರ್ಕಾರ ಹೊಣೆಯಾಗುವುದಿಲ್ಲ. ಆದ್ದರಿಂದ ಸಂಚಕಾರ ಕೊಡುವ ಮುನ್ನವೇ ವಕೀಲರಿಗೆ ಕಾಗದಪತ್ರ ತೋರಿಸುವುದು ಒಳ್ಳೆಯದು.