ರಂಜಾನಿನ ರಾತ್ರಿ, ಮೊಹರಮ್ಮಿನ ಚಂದ್ರ

ಇಸ್ಲಾಮಿ ವರ್ಷದ ಹನ್ನೆರಡು ಚಾಂದ್ರಮಾನ ತಿಂಗಳುಗಳಲ್ಲಿ ಜುಲ್‌ಕಅದ್, ಜುಲ್‌ಹಜ್, ಮೊಹರಂ ಮತ್ತು ರಜಬ್ ಪವಿತ್ರವೆನಿಸಿವೆ. ಈ ನಾಲ್ಕರಲ್ಲಿ ಯುದ್ಧ ಕೂಡದೆಂಬುದು ಅರಬರ ಹಳೆಯ ಕಟ್ಟಳೆ. ಗಂಡ ಹೆಂಡಿರ ಸಂಬಂಧಕ್ಕೆ ಆ ಕಟ್ಟಳೆ ತಾಗುವುದಿಲ್ಲ. ರಂಜಾನ್ ಈ ನಾಲ್ಕರಲ್ಲಿ ಸೇರಿಲ್ಲ. ಅದರ ಹಿರಿಮೆ ಕುರಾನ್ ಅವತರಿಸಿದ ತಿಂಗಳೆಂಬುದರಿಂದ, ಉಪವಾಸದಿಂದ ಬಂದದ್ದು. ದಾಂಪತ್ಯದ ಮೇಲೆ ನೇರವಾದ ಕಟ್ಟುಪಾಡು ಇರುವುದೂ ರಂಜಾನಿನಲ್ಲೇ.

ಆ ಕಟ್ಟುಪಾಡು ಹಗಲಿಗೆ ಸೇರಿದ್ದು. ನಸುಕಿನಿಂದ ಸೂರ್ಯಾಸ್ತದವರೆಗೆ ಅನ್ನ, ನೀರಿನಂತೆ ಕೂಡುವಿಕೆಯೂ ವರ್ಜ್ಯ. ಹಿಜರಿ 2ರಲ್ಲಿ ಮದೀನಾದಲ್ಲಿ ಉಪವಾಸ ಕಡ್ಡಾಯವಾದ ಹೊಸತರಲ್ಲಿ ಪಾಲನೆ ಇನ್ನೂ ಕಠಿಣವಾಗಿತ್ತು. ರಾತ್ರಿ ಒಮ್ಮೆ ನಿದ್ದೆ ಹೋದವರು ಮರುದಿನ ಸಂಜೆಯವರೆಗೆ ಉಣ್ಣುವಂತಿರಲಿಲ್ಲ, ಸಂಗಾತಿಯ ಬಳಿ ಹೋಗುವಂತಿರಲಿಲ್ಲ. ಹಲವರಿಗೆ ಅದು ಸಾಧ್ಯವಾಗಲಿಲ್ಲ. ಆಗ ಬಂದ ಕುರಾನಿನ 2ನೇ ಅಧ್ಯಾಯದ 187ನೇ ವಚನ ಇಡೀ ರಾತ್ರಿಯನ್ನು ದಂಪತಿಗಳಿಗೆ ಬಿಟ್ಟುಕೊಟ್ಟಿತು. ಸತಿಪತಿಯರನ್ನು ಒಬ್ಬರಿಗೊಬ್ಬರು ಉಡುಪಿದ್ದಂತೆ ಎಂದು ಬಣ್ಣಿಸುವುದೂ ಇದೇ ವಚನ. ಮೈಗೆ ಅಂಟಿಕೊಂಡಿರುವುದು, ಮಾನ ಮುಚ್ಚುವುದು, ಚಳಿಯಿಂದ ಕಾಯುವುದು ಎಲ್ಲ ಆ ಒಂದು ಹೋಲಿಕೆಯಲ್ಲಿ ಅಡಗಿದೆ. ಉಪವಾಸದ ನಿಯಮ ಹೇಳುತ್ತಲೇ ಇಷ್ಟು ಅಕ್ಕರೆಯ ಮಾತು ಬಂದಿರುವುದು ಗಮನಿಸತಕ್ಕದ್ದು. ರಾತ್ರಿ ಕೂಡಿದವರು ನಸುಕಾದ ಮೇಲೆ ಸ್ನಾನ ಮಾಡಿದರೂ ರೋಜಾ, ಅಂದರೆ ಉಪವಾಸ, ಕೆಡುವುದಿಲ್ಲ. ನಸುಕಿನ ಫಜರ್ ನಮಾಜಿಗೆ ಮಾತ್ರ ಆ ಸ್ನಾನ ಆಗಿರಲೇಬೇಕು.

ಹಗಲಿನಲ್ಲಿ ತಿಳಿದೂ ತಿಳಿದೂ ನಿಯಮ ಮುರಿದವರಿಗೆ ಪ್ರಾಯಶ್ಚಿತ್ತ ಭಾರಿಯದು. ಹಿಂದೆ ಗುಲಾಮನೊಬ್ಬನನ್ನು ಬಿಡುಗಡೆ ಮಾಡಬೇಕಿತ್ತು. ಆಗದಿದ್ದರೆ ಎಡೆಬಿಡದೆ ಎರಡು ತಿಂಗಳು ಉಪವಾಸ, ಅದೂ ಆಗದಿದ್ದರೆ 60 ಬಡವರಿಗೆ ಊಟ. ಕರ್ನಾಟಕದ ಒಳನಾಡಿನಲ್ಲಿ ಹೆಚ್ಚಾಗಿರುವ ಹನಫಿ ಪಂಥದ ಪ್ರಕಾರ, ಒಪ್ಪಿ ಕೂಡಿದ ಹೆಂಡತಿಗೂ ಇದು ಅನ್ವಯಿಸುತ್ತದೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಅನುಸರಿಸುವ ಶಾಫಿ ಪಂಥದಲ್ಲಿ ಹೊಣೆ ಗಂಡನದು.

ಪ್ರಾರ್ಥನೆಗಾಗಿ ಮಸೀದಿಯಲ್ಲೇ ತಂಗುವ ಇತಿಕಾಫ್ ಕೂತವರಿಗೆ ರಾತ್ರಿಯಲ್ಲೂ ಸಂಯಮ ಕಡ್ಡಾಯ. ಹಜ್ ಯಾತ್ರೆಗೆ ದೀಕ್ಷಾವಸ್ತ್ರವಾದ ಇಹ್ರಾಮ್ ತೊಟ್ಟವರಿಗೂ ಅಷ್ಟೆ; ಅರಫಾತ್ ಬಯಲಿನಿಂದ ಮರಳಿ ಕಾಬಾ ಪ್ರದಕ್ಷಿಣೆ ಮುಗಿಯುವ ತನಕ ಆ ನಿರ್ಬಂಧ ಪೂರ್ತಿ ಸಡಿಲವಾಗದು.

ಮೊಹರಮ್ಮಿನ ಸಂಯಮ ಬೇರೆ ಬಗೆಯದು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಹತರಾದ ಶೋಕದಿಂದ ಅದು ಹುಟ್ಟಿದೆ. ಭಾರತದ ಶಿಯಾಗಳು ಎರಡು ತಿಂಗಳು ಎಂಟು ದಿನ ಶೋಕ ಆಚರಿಸುತ್ತಾರೆ. ಆ ಅವಧಿಯಲ್ಲಿ ಮದುವೆ ಮಾಡುವುದಿಲ್ಲ. ಸುನ್ನಿ ಶಾಸ್ತ್ರ ಈ ತಿಂಗಳಲ್ಲಿ ಮದುವೆಯನ್ನಾಗಲಿ ದಾಂಪತ್ಯವನ್ನಾಗಲಿ ತಡೆಯುವುದಿಲ್ಲ. ಆದರೂ ದಖ್ಖನಿನ ಎಷ್ಟೋ ಸುನ್ನಿ ಮನೆಗಳಲ್ಲಿ ಮೊದಲ ಹತ್ತು ದಿನ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಕೆಲವರು ಹೊಸ ಮದುಮಗಳನ್ನು ತವರಿಗೆ ಕರೆಸಿಕೊಳ್ಳುತ್ತಾರೆ. ಮೊಹರಂ ನಂತರದ ಸಫರ್ ತಿಂಗಳ ಮೊದಲ ಹದಿಮೂರು ದಿನಗಳಿಗೆ ‘ತೇರಾ ತೇಜಿ’ ಎಂದೇ ಹೆಸರು. ಅವೂ ಅಶುಭವೆಂಬ ನಂಬಿಕೆ ಉಂಟು. ಆಷಾಢದಲ್ಲಿ ಸೊಸೆಯನ್ನು ತವರಿಗೆ ಕಳಿಸುವ ಕನ್ನಡಿಗರಿಗೆ ಇದು ಅಪರಿಚಿತ ಪದ್ಧತಿಯೇನಲ್ಲ.

ತಿಂಗಳುಗಳ ಮೇಲಿನ ಇಂಥ ಶಂಕೆ ಪ್ರವಾದಿಯವರ ಕಾಲದಲ್ಲೂ ಇತ್ತು. ರಂಜಾನ್ ಮುಗಿದು ಬರುವ ಶವ್ವಾಲಿನಲ್ಲಿ ಮದುವೆ ಸಲ್ಲದೆಂದು ಅರಬರು ನಂಬಿದ್ದರು. ಪ್ರವಾದಿಪತ್ನಿ ಆಯಿಷಾ ತಮ್ಮ ಮದುವೆ ನಡೆದದ್ದೂ ಗಂಡನ ಮನೆ ಸೇರಿದ್ದೂ ಶವ್ವಾಲಿನಲ್ಲೇ ಎಂದು ಹೇಳಿಕೊಂಡರು. ತಮ್ಮ ಬಳಗದ ಹೆಣ್ಣುಮಕ್ಕಳನ್ನೂ ಅದೇ ತಿಂಗಳಲ್ಲಿ ಗಂಡನ ಮನೆಗೆ ಕಳಿಸಲು ಇಷ್ಟಪಡುತ್ತಿದ್ದರು.