ಕುರಿ ಎಣಿಸುವ ಮೊದಲು ಹುಲ್ಲಿನ ಲೆಕ್ಕ



ಲೆಕ್ಕ ಪರಿಶೋಧಕನಿಗೆ ಹುಲ್ಲುಗಾವಲಿನ ಉಸಾಬರಿ ಏಕೆ ಎಂದು ಕೇಳಬಹುದು. ಹುಲ್ಲುಗಾವಲೂ ಒಂದು ಖಾತೆಯೇ. ಬೇರು, ಬೀಜ, ಮಣ್ಣು ಅದರ ಅಸಲು. ಮಳೆಗೆ ಚಿಗುರುವ ಹುಲ್ಲು ಬಡ್ಡಿ. ಬಡ್ಡಿಯಲ್ಲಿ ಬದುಕಿದರೆ ಖಾತೆ ಉಳಿಯುತ್ತದೆ.

ಒಂದು ಸರಳ ಲೆಕ್ಕ ಮಾಡೋಣ. 40 ಕಿಲೋ ತೂಕದ ಕುರಿಗೆ ದಿನಕ್ಕೆ ಸುಮಾರು 1 ಕಿಲೋ ಒಣ ಮೇವು ಬೇಕು. ವರ್ಷಕ್ಕೆ 365 ಕಿಲೋ. ಒಣಭೂಮಿಯ ಒಂದು ಹೆಕ್ಟೇರಿನಲ್ಲಿ 200 ಕಿಲೋ ಹುಲ್ಲು ಬಂತೆಂದುಕೊಳ್ಳಿ. ಅರ್ಧ ಮೇಯಿಸಿ ಅರ್ಧ ಬಿಟ್ಟರೆ ಸಿಗುವುದು 100 ಕಿಲೋ. ಅಂದರೆ ಒಂದು ಕುರಿಗೆ ಮೂರೂವರೆ ಹೆಕ್ಟೇರಿಗಿಂತ ಹೆಚ್ಚು ಬೇಕು. ಹುಲ್ಲು ಅರ್ಧಕ್ಕಿಳಿದ ವರ್ಷ ಏಳು ಹೆಕ್ಟೇರು ದಾಟುತ್ತದೆ. ಆದ್ದರಿಂದ ಸರಾಸರಿ ಮಳೆಯನ್ನು ನಂಬಿ ಮಂದೆ ಕಟ್ಟಬಾರದು. ಬರದ ವರ್ಷವನ್ನು ನೋಡಿ ಕಟ್ಟಬೇಕು.

ಸಂಖ್ಯೆಯಷ್ಟೇ ಮುಖ್ಯವಾದದ್ದು ಬಿಡುವು. ಮೇಯ್ದ ಹುಲ್ಲು ಬೇರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಮತ್ತೆ ಚಿಗುರುತ್ತದೆ. ಆ ಚಿಗುರನ್ನೂ ಕೂಡಲೇ ಮೇಯಿಸಿದರೆ ಬೇರು ಸೊರಗುತ್ತದೆ, ಬೀಜ ಕಟ್ಟುವುದಿಲ್ಲ. ಕೊನೆಗೆ ಕುರಿ ಮೂಸದ ಗಿಡಗಳೇ ಉಳಿಯುತ್ತವೆ.

ನಾವು ದುಡಿಯುವ ಅರಬ್ ನಾಡಿನಲ್ಲಿ ಇದಕ್ಕೊಂದು ಕಟ್ಟುಪಾಡಿತ್ತು, ಹೆಸರು ‘ಹಿಮಾ’. ಊರಿನವರೇ ಗೋಮಾಳ ಕಾಯ್ದು, ಕೆಲ ಕಾಲ ಮೇಯಿಸದೆ ಬಿಟ್ಟು, ಬರಗಾಲಕ್ಕೆ ಹುಲ್ಲು ಉಳಿಸುತ್ತಿದ್ದರು. ಸೌದಿಯಲ್ಲಿ 1953ರ ರಾಜಾಜ್ಞೆಯ ನಂತರ ಬಹುತೇಕ ಹಿಮಾಗಳು ಎಲ್ಲರ ಮಂದೆಗೂ ತೆರೆದುಕೊಂಡವು. ಲಾರಿಗಳು ಬಂದ ಮೇಲೆ, ಮಳೆ ಬಿದ್ದ ಜಾಗಕ್ಕೆ ಕುರಿಯೂ ನೀರಿನ ಟ್ಯಾಂಕರೂ ಬೇಗ ತಲುಪಿದವು. ಹುಲ್ಲು ಮುಗಿದರೂ ಸಬ್ಸಿಡಿಯ ಬಾರ್ಲಿ ಮಂದೆಯನ್ನು ಅಲ್ಲೇ ನಿಲ್ಲಿಸಿತು. ಹಿಂದೆ ಮೇವಿಲ್ಲದಾಗ ಮಂದೆ ಜಾಗ ಬಿಡುತ್ತಿತ್ತು, ಇಲ್ಲವೇ ಕರಗುತ್ತಿತ್ತು. ಈಗ ಬಾರ್ಲಿ ಚೀಲ ಆ ನಷ್ಟವನ್ನು ಮುಚ್ಚಿಟ್ಟಿತು.

ನಮ್ಮ ಮೈಸೂರು ಸೀಮೆಯಲ್ಲೂ ಅಮೃತಮಹಲ್ ಕಾವಲುಗಳನ್ನು ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ವಿಂಗಡಿಸಿ ದನಗಳನ್ನು ಸಾಗಿಸುತ್ತಿದ್ದರು. ತಿಳಿವಳಿಕೆ ಒಂದೇ: ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಸುಧಾರಿಸಿಕೊಳ್ಳಲಿ.

ಊರಿನಲ್ಲಿ ಕುರಿ ಸಾಕಣೆಗೆ ಹಣ ಹಾಕಲು ಯೋಚಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಬೆವರು ಸುರಿಸಿ ಗಳಿಸಿದ ದಿರ್ಹಮ್, ರಿಯಾಲ್ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಬರದ ವರ್ಷ ಎಷ್ಟು ಕುರಿಗೆ ಹುಲ್ಲಿದೆ? ಆ ನೆಲಕ್ಕೆ ಬಿಡುವು ಯಾವ ತಿಂಗಳು? ಮಳೆ ಕೈಕೊಟ್ಟರೆ ಎಷ್ಟು ಕುರಿಯನ್ನು, ಯಾವಾಗ ಮಾರುತ್ತೀರಿ? ಕೊಂಡು ತಂದ ಮೇವನ್ನು ಖರ್ಚಿನಲ್ಲೇ ಬರೆಯಿರಿ. ಆಗ ಲಾಭ ನಿಜವೋ, ನೆಲದ ಅಸಲನ್ನೇ ಮಾರುತ್ತಿದ್ದೀರೋ ತಿಳಿಯುತ್ತದೆ.