ಕುದುರೆಮುಖ: ಮರವಿಲ್ಲದ ಬೆಟ್ಟದಲ್ಲಿ ನೀರಿನ ಜಾಡು ಹಿಡಿದು

ಶುಕ್ರವಾರ ರಾತ್ರಿ ಹತ್ತರ ಹೊತ್ತಿಗೆ ತುಮಕೂರು ರಸ್ತೆಯ ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ಎಂಟನೇ ಮೈಲಿಗಳಲ್ಲಿ ಎರಡು ಬಗೆಯ ಜನ ಬಸ್ಸಿಗೆ ಕಾಯುತ್ತಿರುತ್ತಾರೆ. ಲಗ್ಗೆರೆ, ರಾಜಗೋಪಾಲನಗರ, ಪೀಣ್ಯದ ವರ್ಕ್‌ಶಾಪು, ಗಾರ್ಮೆಂಟ್ಸ್‌ಗಳಲ್ಲಿ ವಾರವಿಡೀ ದುಡಿದು ಊರಿಗೆ ಹೊರಟವರು ಒಂದು ಕಡೆ. ಬೆನ್ನಿಗೆ ಚೀಲ ಏರಿಸಿ, ಬೂಟಿನ ದಾರ ಬಿಗಿದು ಬೆಟ್ಟ ಹತ್ತಲು ಹೊರಟ ಹುಡುಗ, ಹುಡುಗಿಯರು ಇನ್ನೊಂದು ಕಡೆ. ಈಚಿನ ವರ್ಷಗಳಲ್ಲಿ ಈ ಎರಡನೇ ಗುಂಪಿನಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಲ್ಲುವವರೂ ಇದ್ದಾರೆ, ಕಂಪ್ಯೂಟರಿನ ಮುಂದೆ ಕೂರುವವರೂ ಇದ್ದಾರೆ. ನೆಲಮಂಗಲದಲ್ಲಿ ಹಾಸನದ ದಾರಿಗೆ ಹೊರಳುವ ಟೆಂಪೊ ಟ್ರಾವೆಲರ್‌ಗಳಲ್ಲಿ ಎಷ್ಟೋ ಗಾಡಿಗಳು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಬೆಳಕು ಹರಿಯುವಷ್ಟರಲ್ಲಿ ಕಳಸ ತಾಲ್ಲೂಕಿನ ಸಂಸೆಯ ಬಳಿ ಬಂದು ನಿಲ್ಲುತ್ತವೆ. ಅಲ್ಲಿಂದ ಮುಂದಿನದು ಕುದುರೆಮುಖದ ದಾರಿ.

ಸಮುದ್ರ ಮಟ್ಟದಿಂದ ಸುಮಾರು 1,890 ಮೀಟರ್ ಎತ್ತರವಿರುವ ಈ ಶಿಖರ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಗಿಡ್ಡ. ಪಡುವಣ ದಿಕ್ಕಿನಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುತ್ತದೆಂದು ಈ ಹೆಸರು ಬಂತು. ಹಿಂದಿನವರು ಸಂಸೆ ಪರ್ವತ ಎಂದೂ ಕರೆಯುತ್ತಿದ್ದರು. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರನ್ನು ಎಳೆದು ತರುವುದು ಮಳೆಗಾಲದ ಹಸಿರಿನ ಫೋಟೊಗಳು. ಆ ಹಸಿರು ನಿಜ. ಆದರೆ ಬೆಳಗಿನಿಂದ ಸಂಜೆಯವರೆಗೆ ಈ ಹುಲ್ಲಿನಲ್ಲಿ ನಡೆದವರಿಗೆ ಇನ್ನೂ ದೊಡ್ಡ ಸಂಗತಿಯೊಂದು ಕಾಲಿಗೇ ತಾಗುತ್ತದೆ. ಮರವಿಲ್ಲದೆ ಬೋಳಾಗಿ ಕಾಣುವ ಈ ಗುಡ್ಡಗಳು ಕರ್ನಾಟಕದ ಹಲವು ಜಿಲ್ಲೆಗಳಿಗೆ ಅನ್ನ, ನೀರು ಕೊಡುವ ನದಿಗಳ ತವರು.

ಮುಳ್ಳೋಡಿಯಿಂದ ಮೇಲಕ್ಕೆ

ಬಾಳೆಗಲ್‌ನಿಂದ ಮುಳ್ಳೋಡಿಯವರೆಗಿನ ಕಚ್ಚಾ ರಸ್ತೆಯಲ್ಲಿ ಓಡುವುದು ಜೀಪು ಮಾತ್ರ. ಅಡಿಕೆ ತೋಟ, ಕಾಫಿ ಗಿಡಗಳ ನಡುವೆ ಎಗರುತ್ತಾ, ಹಳ್ಳ ದಾಟುತ್ತಾ ಸಾಗುವ ಈ ಜೀಪುಗಳ ಚಾಲಕರು ಸ್ಥಳೀಯರು. ಮುಳ್ಳೋಡಿಯ ಸುತ್ತಮುತ್ತಲ ಮನೆಗಳೇ ಈಗ ಹೋಂಸ್ಟೇಗಳಾಗಿವೆ. ಬೆಳಗಿನ ತಿಂಡಿ ಕೊಟ್ಟು, ಮಧ್ಯಾಹ್ನದ ಊಟ ಕಟ್ಟಿಕೊಡುವವರೂ ಆ ಮನೆಯವರೇ. ಅರಣ್ಯ ಇಲಾಖೆಯ ತನಿಖೆಯಲ್ಲಿ ಅನುಮತಿ ಪತ್ರ, ಗುರುತಿನ ಚೀಟಿ ತೋರಿಸಿ, ಚೀಲದಲ್ಲಿರುವ ಪ್ಲಾಸ್ಟಿಕ್ಕಿನ ಲೆಕ್ಕ ಕೊಟ್ಟ ಮೇಲೆ ನಡಿಗೆ ಶುರು. ಹೋಗಿ ಬರಲು ಒಟ್ಟು ಸುಮಾರು 20 ಕಿಲೋಮೀಟರ್. ಚುರುಕಾಗಿ ನಡೆಯುವವರಿಗೂ ಇಡೀ ಹಗಲು ಬೇಕು.

ಮೊದಲ ಹಂತದಲ್ಲಿ ದಾರಿ ಮರದ ನೆರಳಿಗೆ ನುಗ್ಗುತ್ತದೆ, ಹೊರಗೆ ಬರುತ್ತದೆ, ಮತ್ತೆ ನುಗ್ಗುತ್ತದೆ. ಅಡ್ಡ ಬರುವ ಹಳ್ಳಗಳಲ್ಲಿ ಬೂಟು ಒದ್ದೆಯಾಗದೆ ದಾಟುವ ಆಸೆಯನ್ನು ಮಳೆಗಾಲದಲ್ಲಿ ಆರಂಭದಲ್ಲೇ ಬಿಡಬೇಕು. ಕಲ್ಲಿನ ಮೇಲೆ ಪಾಚಿ, ಪಾಚಿಯ ಕೆಳಗೆ ಸೆಳೆತ. ಗೈಡ್ ತೋರಿಸಿದ ಕಲ್ಲಿನ ಮೇಲೆಯೇ ಕಾಲಿಡುವುದು ಕ್ಷೇಮ. ಕಾಡಿನ ತಂಪಿನಲ್ಲಿ ಉಂಬಳಗಳು ಎಲೆಯ ತುದಿಯಲ್ಲೇ ಕಾದಿರುತ್ತವೆ. ಉಪ್ಪು, ಹೊಗೆಸೊಪ್ಪು, ಸುಣ್ಣ ಎಂದು ಒಬ್ಬೊಬ್ಬರದು ಒಂದೊಂದು ಮದ್ದು. ಮಲೆನಾಡಿನವರು ಹತ್ತಿದ್ದನ್ನು ಕಿತ್ತೆಸೆದು ಸುಮ್ಮನೆ ಮುಂದೆ ನಡೆಯುತ್ತಾರೆ.

ಕಾಡಿನ ಅಂಚು ದಾಟಿದ್ದೇ ನೋಟ ಪೂರ್ತಿ ಬದಲಾಗುತ್ತದೆ. ಕಣ್ಣು ಹಾಯುವವರೆಗೆ ಮೊಣಕಾಲೆತ್ತರದ ಹುಲ್ಲು. ಒಂದರ ಹಿಂದೆ ಒಂದು ಗುಡ್ಡದ ಬೆನ್ನು. ದಾರಿಯಲ್ಲಿ ‘ಒಂಟಿಮರ’ ಎಂಬ ಹೆಸರಿನ ಗುರುತೊಂದಿದೆ. ಸುತ್ತಲಿನ ಹುಲ್ಲಿನ ನಡುವೆ ಒಂದೇ ಮರ ನಿಂತಿರುವುದರಿಂದ ಜಾಗಕ್ಕೂ ಅದೇ ಹೆಸರು. ಇನ್ನೂ ಮುಂದೆ ‘ಲೋಬೋ ಮನೆ’ ಎಂದು ಕರೆಯುವ ಕಡೆ ಹಳೆಯ ಮನೆಯೊಂದರ ಅವಶೇಷಗಳಿವೆ. ಮನುಷ್ಯರು ಈ ಎತ್ತರದಲ್ಲೂ ಒಲೆ ಹೂಡಿ ಬದುಕಿದ್ದರೆಂಬುದಕ್ಕೆ ಅದೇ ಸಾಕ್ಷಿ.

ಅಲ್ಲಿಂದಾಚೆ ಏರು ಕಡಿದಾಗುತ್ತದೆ. ನೆಲ ಎಲ್ಲೂ ಸಮವಿಲ್ಲ. ಹುಲ್ಲಿನ ಬುಡಗಳ ನಡುವೆ ಮಳೆನೀರು ಕೊರೆದ ಕಿರುಗಾಲುವೆಗಳು, ಕೆಂಪು ಜಾರು ಮಣ್ಣು, ಇದ್ದಕ್ಕಿದ್ದಂತೆ ತಲೆಯೆತ್ತುವ ಬಂಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣದ ಗಾಳಿ ಮೈಯನ್ನೇ ಪಕ್ಕಕ್ಕೆ ತಳ್ಳುತ್ತದೆ. ಮಂಜು ಕವಿದರೆ ಮುಂದಿನವರ ಚೀಲವೂ ಕಾಣುವುದಿಲ್ಲ. ಇಂಥ ಹೊತ್ತಿನಲ್ಲಿ ಕಾಲುದಾರಿ ಬಿಟ್ಟು ಹತ್ತು ಹೆಜ್ಜೆ ಆಚೆ ಹೋದರೂ ದಿಕ್ಕು ತಪ್ಪುವ ಅಪಾಯವಿದೆ. ಶಿಖರದ ಹತ್ತಿರ ಹಾಳುಬಿದ್ದ ಚರ್ಚಿನ ಗೋಡೆಗಳು, ಕಾಡಿನ ಮರೆಯಲ್ಲಿ ಒಂದು ಚಿಕ್ಕ ತೊರೆ, ಅದರಾಚೆ ಕೊನೆಯ ಏರು. ತುದಿ ಮುಟ್ಟಿದ ಮೇಲೆ ಪಶ್ಚಿಮಕ್ಕೆ ಬೆಟ್ಟ ಒಮ್ಮೆಲೇ ಕಡಿದು ಬೆಳ್ತಂಗಡಿಯ ಬಯಲಿಗೆ ಇಳಿಯುತ್ತದೆ. ಆಕಾಶ ತಿಳಿಯಾಗಿದ್ದರೆ ಅರಬ್ಬೀ ಸಮುದ್ರದ ಅಂಚೂ ಕಾಣುತ್ತದೆ.

ಹುಲ್ಲು ಇಲ್ಲಿನ ಮೂಲನಿವಾಸಿ

ಇಷ್ಟು ಮಳೆ ಬೀಳುವ ಕಡೆ ಮರಗಳೇಕಿಲ್ಲ? ಮೊದಲ ಸಲ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಕಡಿದುಹಾಕಿರಬೇಕು ಎಂದು ಹಲವರು ತಾವೇ ಉತ್ತರ ಹೇಳಿಕೊಳ್ಳುತ್ತಾರೆ. ದಾರಿಯುದ್ದಕ್ಕೂ ಗಮನಿಸಿದರೆ ಬೇರೆಯದೇ ವ್ಯವಸ್ಥೆ ಕಾಣುತ್ತದೆ. ಮಣ್ಣು ಆಳವಾಗಿ ಕೂತ, ತೇವ ನಿಲ್ಲುವ ಕಣಿವೆಯ ಮಡಿಲುಗಳಲ್ಲಿ ದಟ್ಟ ಶೋಲಾ ಕಾಡು. ಮಣ್ಣು ತೆಳುವಾಗಿ ಗಾಳಿ ಬಡಿಯುವ ಬೆನ್ನು, ಇಳಿಜಾರುಗಳಲ್ಲಿ ಹುಲ್ಲು. ಗಾಳಿ, ಚಳಿ, ಆಗಾಗ ಹಬ್ಬುವ ಬೆಂಕಿ ಇವೆಲ್ಲ ಸೇರಿ ಮರದ ಸಸಿ ಬಯಲಿಗೆ ಕಾಲಿಡದಂತೆ ತಡೆಯುತ್ತವೆ. ಹಾಗಾಗಿ ಕಾಡಿಗೂ ಹುಲ್ಲಿಗೂ ನಡುವಿನ ಗಡಿ ಗೆರೆ ಎಳೆದಷ್ಟು ಖಚಿತ.

ಈ ಜೋಡಿ ಎಷ್ಟು ಹಳೆಯದು ಎಂಬುದಕ್ಕೆ ನೀಲಗಿರಿಯ ಜೌಗು ಮಣ್ಣು ಸಾಕ್ಷಿ ಹೇಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆ ಮಣ್ಣಿನ ಪದರಗಳಲ್ಲಿನ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದ ಒಣ ಕಾಲದಲ್ಲೇ ಅಲ್ಲಿ ಹುಲ್ಲುಗಾವಲು ಹಬ್ಬಿತ್ತು ಎಂದು ಆ ಪದರಗಳು ತಿಳಿಸಿದವು. ಮನುಷ್ಯ ಕೊಡಲಿ ಹಿಡಿದು ಈ ಬೆಟ್ಟಗಳಿಗೆ ಬರುವ ಎಷ್ಟೋ ಮೊದಲೇ ಹುಲ್ಲು ಇಲ್ಲಿ ಬೇರೂರಿತ್ತು.

ಮರವಿಲ್ಲದ ಬೆಟ್ಟ ನಮ್ಮಲ್ಲಷ್ಟೇ ಅಲ್ಲ, ಸ್ಕಾಟ್ಲೆಂಡಿನ ದ್ವೀಪಗಳಲ್ಲೂ ಮೂರ್‌ಲ್ಯಾಂಡ್ ಎಂದು ಕರೆಯುವ ಇಂಥ ಬಯಲುಗಳಿವೆ. ಜೂರಾ ದ್ವೀಪದಲ್ಲಿ 785 ಮೀಟರ್ ಎತ್ತರದ ಬೆಟ್ಟ ಹತ್ತುವವರೂ ಹೀಗೇ ದಿನವಿಡೀ ಮರವಿಲ್ಲದ ಒದ್ದೆ ನೆಲದಲ್ಲಿ, ಹುಲ್ಲಿನ ಗಡ್ಡೆಗಳ ನಡುವೆ ಕಾಲು ಹೂತುಕೊಳ್ಳುತ್ತಾ ಸಾಗುತ್ತಾರೆ. ಅಲ್ಲಿನ ಬೋಳು ಬಯಲಿನ ಹಿಂದೆ ಹವೆಯ ಬದಲಾವಣೆಯ ಜೊತೆ ಕೊಡಲಿ, ಬೆಂಕಿ, ಮೇಯುವ ಜಾನುವಾರುಗಳ ಪಾಲೂ ದೊಡ್ಡದು. ಆದರೂ ಆ ಜನ ಅದನ್ನು ಪಾಳು ಎಂದು ಕಡೆಗಣಿಸುವುದನ್ನು ಬಿಟ್ಟಿದ್ದಾರೆ. ಕೊಳೆತ ಸಸ್ಯಗಳಿಂದಾದ ಅಲ್ಲಿನ ಪೀಟ್ ಮಣ್ಣು ನೀರನ್ನೂ ಇಂಗಾಲವನ್ನೂ ಹಿಡಿದಿಡುತ್ತದೆಂದು ಅರಿತು, ಒಣಗಿಸಿದ್ದ ಜೌಗನ್ನು ಮತ್ತೆ ತೋಯಿಸುವ ಕೆಲಸಕ್ಕೆ ಹಣ ಸುರಿಯುತ್ತಿದ್ದಾರೆ.

ನಮ್ಮಲ್ಲಿ ಬ್ರಿಟಿಷರ ಕಾಲದಿಂದ ಹುಲ್ಲುಬೆಟ್ಟ ಎಂದರೆ ಸರ್ಕಾರಿ ಕಡತದಲ್ಲಿ ಪಾಳುಭೂಮಿ. ಪಶ್ಚಿಮ ಘಟ್ಟದ ಎಷ್ಟೋ ಕಡೆ ಇಂಥ ಬೆಟ್ಟಗಳ ಮೇಲೆ ನೀಲಗಿರಿ, ಅಕೇಶಿಯಾ ನೆಟ್ಟು ಅದನ್ನೇ ಹಸಿರೀಕರಣ ಎಂದರು. ಮಳೆ ಬಿದ್ದ ಮರುದಿನ ಇಲ್ಲಿ ನಡೆದವರಿಗೆ ಆ ತಪ್ಪು ಅರ್ಥವಾಗುತ್ತದೆ. ಹುಲ್ಲಿನ ಒತ್ತೊತ್ತಾದ ಬೇರುಗಳು ಬಂಡೆಯ ಮೇಲೆ ಹೊದಿಸಿದ ಕಂಬಳಿಯಂತೆ ನೀರು ಹೀರಿ ಹಿಡಿದುಕೊಳ್ಳುತ್ತವೆ. ಆ ನೀರು ಮೆಲ್ಲಗೆ ಕೆಳಗಿನ ಕಾಡಿಗೆ ಜಿನುಗುತ್ತದೆ. ಕಾಡು ಅದನ್ನು ತಂಪಾಗಿಟ್ಟು ಹಳ್ಳಕ್ಕೆ ಬಿಡುತ್ತದೆ. ಮಳೆ ನಿಂತು ತಿಂಗಳುಗಳಾದ ಮೇಲೂ ಮುಳ್ಳೋಡಿಯ ಹಳ್ಳ ಹರಿಯುವುದು ಹೀಗೆ.

ಮೂರು ನದಿ, ಒಂದು ಗಣಿ

ಇದೇ ಬೆಟ್ಟಸಾಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ತುಂಗೆ ಶೃಂಗೇರಿ, ತೀರ್ಥಹಳ್ಳಿಗಳ ಮೂಲಕ, ಭದ್ರೆ ಕಳಸ, ಬಾಳೆಹೊನ್ನೂರುಗಳ ಮೂಲಕ ಸಾಗಿ ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಒಂದಾಗುತ್ತಾರೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ನೀರು ದಾವಣಗೆರೆಯ ಭತ್ತದ ಗದ್ದೆಗಳಿಗೆ ಹೋಗುತ್ತದೆ. ಭದ್ರಾ ಮೇಲ್ದಂಡೆ ಯೋಜನೆ ಚಿತ್ರದುರ್ಗ, ತುಮಕೂರಿನ ಒಣ ತಾಲ್ಲೂಕುಗಳಿಗೆ ಇದೇ ನದಿಯ ನೀರು ಒಯ್ಯಲು ಹೊರಟಿದೆ. ಆ ಜಿಲ್ಲೆಗಳಿಂದ ಬಂದು ಪೀಣ್ಯ, ಲಗ್ಗೆರೆಯ ಸುತ್ತ ನೆಲೆಸಿದ ಕುಟುಂಬಗಳು ಹಲವು. ಊರಿನಿಂದ ಅವರ ಮನೆಗೆ ಬರುವ ಅಕ್ಕಿಯ ಮೂಟೆಗೂ ಈ ಹುಲ್ಲಿಗೂ ನೇರ ನಂಟಿದೆ.

ಈ ನಂಟು ಕಡಿಯುವ ಹಂತಕ್ಕೆ ಬಂದದ್ದೂ ಉಂಟು. ಬೆಟ್ಟದೊಳಗೆ ಕಬ್ಬಿಣದ ಅದಿರಿತ್ತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಇರಾನಿಗೆ ಅದಿರು ಕಳಿಸುವುದು ಮೂಲ ಯೋಜನೆ. ಅಲ್ಲಿ 1979ರಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿದು ಬಿದ್ದರೂ ಗಣಿ ನಿಲ್ಲಲಿಲ್ಲ. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕದಡಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹೂಳನ್ನು ಹಿಡಿದಿಡಲು ಲಕ್ಯಾ ಹಳ್ಳಕ್ಕೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟೆ ಕಟ್ಟಿದರು. ಸಾವಿರಾರು ಜನರಿಗೆ ಕೆಲಸ ಸಿಕ್ಕಿತು, ಕಾಡಿನ ನಡುವೆ ಒಂದು ಪಟ್ಟಣವೇ ಎದ್ದಿತು. ಜೊತೆಗೆ ಗುಡ್ಡಗಳು ಬಗೆದುಹೋಗಿ, ಮಳೆಗಾಲದಲ್ಲಿ ಭದ್ರೆ ಹೂಳು ಹೊತ್ತು ಹರಿಯತೊಡಗಿದಳು.

ಇತ್ತ ಸಿಂಗಳೀಕಗಳ ಕುರಿತು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ನಡೆಸಿದ ಸಮೀಕ್ಷೆ ಈ ಕಾಡಿನ ಬೆಲೆಯನ್ನು ತೋರಿಸಿಕೊಟ್ಟಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶ ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಉದ್ಯಾನವಾದ ಮೇಲೂ ಗಣಿಗಾರಿಕೆ ಮುಂದುವರಿದಾಗ ಪರಿಸರ ಹೋರಾಟಗಾರರು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ನೀಡಿತು. 2005ರ ಕೊನೆಗೆ ಗಣಿ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅವುಗಳಲ್ಲಿ ಕುದುರೆಮುಖವೂ ಇತ್ತು. ಇಂದು ಶಿಖರದ ದಾರಿಯಲ್ಲಿ ಕಾಟಿಯ ಹೆಜ್ಜೆ, ಕಡವೆಯ ಕೂಗು ಎದುರಾದರೆ ಅದು ತಾನಾಗಿ ಒದಗಿದ ಭಾಗ್ಯವಲ್ಲ. ಹಲವರು ವರ್ಷಗಟ್ಟಲೆ ಹೋರಾಡಿ ಉಳಿಸಿಕೊಟ್ಟದ್ದು.

ದಿನಕ್ಕೆ 300 ಜನ

ಗಣಿ ಹೋದ ಮೇಲೆ ಬಂದದ್ದು ಜನಸಂದಣಿ. ವಾರಾಂತ್ಯದಲ್ಲಿ ಸಾಲುಗಟ್ಟಿದ ಬೂಟುಗಳು ಒಂದೇ ದಾರಿಯನ್ನು ತುಳಿದಾಗ ಹುಲ್ಲು ಸಾಯುತ್ತದೆ. ಹುಲ್ಲು ಸತ್ತಲ್ಲಿ ಮಣ್ಣು ಕೊಚ್ಚಿ ದಾರಿ ಕಾಲುವೆಯಾಗುತ್ತದೆ. ಕಾಲುವೆ ಆಳವಾದರೆ ಜನ ಪಕ್ಕದ ಹುಲ್ಲಿಗೆ ಕಾಲಿಡುತ್ತಾರೆ, ಗಾಯ ಅಗಲವಾಗುತ್ತಾ ಹೋಗುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ನೆರೆದ ಬಳಿಕ ಸರ್ಕಾರ ರಾಜ್ಯದ ಚಾರಣ ದಾರಿಗಳಿಗೆ ಕಡಿವಾಣ ಹಾಕಿತು. ಕುದುರೆಮುಖಕ್ಕೆ ಈಗ ದಿನಕ್ಕೆ 300 ಜನರ ಮಿತಿ, ಮುಂಗಡ ಆನ್‌ಲೈನ್ ಬುಕಿಂಗ್ ಕಡ್ಡಾಯ.

ಸ್ಕಾಟ್ಲೆಂಡಿನಲ್ಲಿ 2003ರ ಕಾನೂನು ಬೆಟ್ಟ, ಬಯಲುಗಳಲ್ಲಿ ಜವಾಬ್ದಾರಿಯಿಂದ ನಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ನಮ್ಮಲ್ಲಿ ಏಕಿಲ್ಲ ಎಂದು ಕೇಳುವವರಿದ್ದಾರೆ. ಹುಲಿ, ಕಾಟಿ, ಕರಡಿಗಳ ಮನೆಯೊಳಗೆ, ಮೂರು ನದಿಗಳ ತಲೆಯ ಮೇಲೆ, ಕೋಟಿಗೂ ಹೆಚ್ಚು ಜನರಿರುವ ನಗರದಿಂದ ಒಂದು ರಾತ್ರಿಯ ದೂರದಲ್ಲಿರುವ ಬೆಟ್ಟಕ್ಕೆ ಮಿತಿ ಬೇಕೇ ಬೇಕು. ಬುಕಿಂಗ್ ಸಿಗದ ವಾರ ಸಿಟ್ಟಾಗುವ ಬದಲು, ಇನ್ನೊಂದು ವಾರ ಬಂದು ನೆಮ್ಮದಿಯಾಗಿ ನಡೆಯುವುದೇ ಲೇಸು.

ಈ ಮಿತಿ ಉಳಿಯಬೇಕಾದರೆ ಸ್ಥಳೀಯರ ಹೊಟ್ಟೆಪಾಡೂ ಉಳಿಯಬೇಕು. ಜೀಪು, ಗೈಡ್, ಹೋಂಸ್ಟೇಯ ದುಡ್ಡು ಮುಳ್ಳೋಡಿ, ಸಂಸೆಯ ಮನೆಗಳಿಗೆ ಸೇರಿದಷ್ಟೂ ಬೆಟ್ಟಕ್ಕೆ ಕಾವಲುಗಾರರು ಹೆಚ್ಚುತ್ತಾರೆ. ಬಂದವರು ಒಂದು ಮಾತು ಊರಿಗೆ ಒಯ್ಯಲಿ: ಮರವಿಲ್ಲದ ಗುಡ್ಡವೂ ತುಂಬಿದ ಗುಡ್ಡವೇ. ನಿಮ್ಮೂರಿನ ಗೋಮಾಳ, ಹುಲ್ಲುಬನ್ನಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಸಸಿ ನೆಡುವ ಮೊದಲು, ಸೈಟು ಗುರುತಿಸುವ ಮೊದಲು, ಆ ಹುಲ್ಲಿನ ಕೆಳಗಿನ ನೀರು ಯಾರ ಬಾವಿಗೆ ಇಳಿಯುತ್ತದೆ ಎಂದು ಕೇಳಿ ನೋಡಿ.

ಹೋಗುವವರಿಗೆ

ದಾರಿ: ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಮಾರ್ಗವಾಗಿ ಕಳಸ, ಸಂಸೆ, 300 ಕಿಲೋಮೀಟರಿಗೂ ಹೆಚ್ಚು. ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪು.

ಅನುಮತಿ: ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಪಡೆಯಬೇಕು. ಗುರುತಿನ ಚೀಟಿ ಮರೆಯಬೇಡಿ.

ಕಾಲ: ಮಳೆ ಇಳಿದ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ನಡೆಯಲು ಹಿತ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದುಂಟು, ಹೊರಡುವ ಮೊದಲು ವಿಚಾರಿಸಿ.

ಜೊತೆಗಿರಲಿ: ಹಿಡಿತವಿರುವ ಬೂಟು, ರೇನ್‌ಕೋಟು, ಬದಲಿ ಕಾಲುಚೀಲ, ನೀರಿನ ಬಾಟಲಿ, ಕಟ್ಟಿಸಿಕೊಂಡ ಊಟ. ಬೆಳಗ್ಗೆ ಬೇಗ ಹೊರಟು, ಬೆಳಕಿರುವಾಗಲೇ ಕೆಳಗಿಳಿಯಿರಿ.

ಸುತ್ತಮುತ್ತ: ಭದ್ರೆಯ ದಡದ ಕಳಸೇಶ್ವರ ದೇವಸ್ಥಾನ, ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿ, ಸಂಸೆಯ ಚಹಾ ತೋಟ.